ಎರಡೂವರೆ ಮನೆ

ವಾಲರೂ ಬಂದರಿನ ವೇಬ್ರಿಜ್ ಮೇಲೆ
ಲಾರಿ ಬಂದು ನಿಂತರೆ ನನ್ನ ಕೆಲಸ ಶುರು.
ಉದ್ದನೆಯ ಕೊಳವೆ ಇಳಿಸಿ, ಗೋಧಿ ಎತ್ತಿ,
ಜರಡಿಗೆ ಸುರಿದು ಅಲುಗಿಸುವುದು.
ಜೀವಂತ ಹುಳ ಒಂದೇ ಒಂದು ಕಂಡರೂ
ನಲವತ್ತು ಟನ್ ವಾಪಸ್ಸು.
ಡ್ರೈವರು ಬೈಯುತ್ತಾನೆ. ಬೈಯಲಿ.

ತಮ್ಮ ಪೆರಿನ್ ಈ ಜರಡಿಯ ಪಕ್ಕದಲ್ಲೇ
ಬಿಸಿಲಿಗೆ ಮೆತ್ತಗಾದ ಪ್ಲಾಸ್ಟಿಕ್ ಕಾಯಿ ಹರಡಿಕೊಂಡು
ಒಬ್ಬನೇ ಆಡುತ್ತಿದ್ದ, ಎರಡೂ ಕಡೆಯಿಂದ.
ಸೋಲುವ ಕಡೆಗೆ ಎದ್ದು ಹೋಗಿ ಕೂತಾಗ
ಮುಖ ನಿಜವಾಗಿಯೂ ಬಾಡುತ್ತಿತ್ತು.

ಶುಕ್ರವಾರ ಅಡಿಲೇಡಿನ ಕ್ಲಬ್ಬು.
ನೂರ ಅರವತ್ತು ಕಿಲೋಮೀಟರ್, ನಾನೇ ಸಾರಥಿ.
ಪೋರ್ಟ್ ವೇಕ್‌ಫೀಲ್ಡಿನಲ್ಲಿ ಒಂದು ಪೈ, ಅರ್ಧ ನನಗೆ, ಅರ್ಧ ಅವನಿಗೆ.
ರಾತ್ರಿ ವಾಪಸು ಬರುವಾಗ ಕಾಂಗರೂ ಅಡ್ಡ ನೆಗೆದು
ನಾನು ಬ್ರೇಕ್ ಒತ್ತಿ ನಡುಗುತ್ತಿದ್ದರೆ
ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದ:
"ಹದಿನೇಳನೇ ನಡೆ. ಒಂಟೆಯನ್ನು ಅಲ್ಲಾಡಿಸಲೇಬಾರದಿತ್ತು."

ಕಲಿಸಿದವರು ವಾಲ್ಡಿಸ್ ತಾತ, ಲಾಟ್ವಿಯಾದವರು,
ರೈಲ್ವೆ ಕಾರ್ಖಾನೆಯಲ್ಲಿ ಸವೆದ ಬೆರಳಿನವರು.
ಮೊದಲ ಪಾಠ: ಎರಡೂ ಅಂಗೈ ತೊಡೆಯ ಕೆಳಗಿಟ್ಟು ಕೂರು.
ಎರಡನೆಯದೂ ಅದೇ.
ಅವರ ಅಪ್ಪ ನಿರಾಶ್ರಿತರ ಶಿಬಿರದಲ್ಲಿ
ಬೆಂಚಿನ ಕಾಲು ಮುರಿದು ಕೆತ್ತಿದ ಮೂವತ್ತೆರಡು ಕಾಯಿ
ಹಡಗು ಹತ್ತಿ ಇಲ್ಲಿಗೆ ಬಂದಿದ್ದವು, ಯಾರೂ ಏನೂ ಕೇಳಿರಲಿಲ್ಲ.
ಪೆರಿನ್ ಮೊದಲ ಸಲ ಯುರೋಪಿಗೆ ಹೊರಟಾಗ
ಆ ಪೆಟ್ಟಿಗೆ ಅವನ ಕಂಕುಳಲ್ಲಿ.

ಈ ದೇಶದಲ್ಲಿ ಹುಟ್ಟಿದವನಿಗೆ
ಎದುರಾಳಿಯೇ ಒಂದು ದಿನದ ವಿಮಾನದಷ್ಟು ದೂರ.
ಅವರು ಉಂಡು ನಿದ್ದೆ ಮಾಡಿ ಬಂದು ಕೂರುತ್ತಾರೆ,
ಇವನು ನಡುರಾತ್ರಿಯನ್ನು ಮೈಯಲ್ಲೇ ಹೊತ್ತು ಕೂರುತ್ತಾನೆ.
ಅರ್ಧ ಅಂಕಕ್ಕೆ ತಪ್ಪಿತು. ಮತ್ತೆ ಅರ್ಧಕ್ಕೇ ತಪ್ಪಿತು.
ಹಳೆಯ ಯೂಟ್ ಮಾರಿದ, ಏಡಿ ಹಿಡಿಯುವ ದೋಣಿಯಲ್ಲಿ ಕೂಲಿ ಮಾಡಿದ,
ಎರಡು ಸಾವಿರದ ನಾನೂರ ತೊಂಬತ್ತೆಂಟಕ್ಕೆ ಬಂದು
ಹದಿನಾಲ್ಕು ತಿಂಗಳು ನಿಂತೇಬಿಟ್ಟ.
ಊರಿನವರು ಕೇಳುತ್ತಿದ್ದರು, ಇನ್ನೆರಡು ತಾನೇ?
ಜೆಟ್ಟಿಯ ತುದಿಗೆ ಹೋಗಿ ನೋಡಿ ಅನ್ನುತ್ತಿದ್ದೆ,
ಕೊನೆಯ ಹಲಗೆಯಿಂದ ಇನ್ನೆರಡೇ ಹೆಜ್ಜೆ.

ಫೋನು ಬಂದದ್ದು ಬೆಳಗಿನ ಜಾವ ಮೂರಕ್ಕೆ,
ಸರ್ಬಿಯಾದ ಯಾವುದೋ ಹೋಟೆಲಿನಿಂದ.
"ಆಯ್ತು," ಅಂದ.
ಹಿಂದೆ ಯಾರೋ ಕುರ್ಚಿ ಎಳೆದು ನೆಲ ಒರೆಸುವ ಸದ್ದು.
ಇಪ್ಪತ್ತೊಂದು ವರ್ಷ, ಗ್ರ್ಯಾಂಡ್‌ಮಾಸ್ಟರ್,
"ಇಲ್ಲಿ ಊಟದ ಕೋಣೆ ಮುಚ್ಚಿಬಿಟ್ಟಿದೆ" ಅಂದ.

ವಿಮಾನ ಇಳಿದು ಒಂದು ಗಂಟೆಯಾದರೂ ಹೊರಗೆ ಬರಲಿಲ್ಲ.
ಮರದ ವಸ್ತು ಇದೆಯೇ? ಹೌದೆಂದು ಗುರುತು ಹಾಕಿದ್ದನಂತೆ.
ಕೈಗವಸಿನ ಹೆಂಗಸು ಬಿಳಿ ಕುದುರೆಯ ಬುಡ ತಿರುಗಿಸಿ
ಹಸಿರು ಬಟ್ಟೆ ಸುಲಿದು, ಮೇಜಿಗೆ ಎರಡು ಸಲ ತಟ್ಟಿದಳಂತೆ.
ಸೂಜಿಮೊನೆಯಷ್ಟು ತೂತು. ಚಿಟಿಕೆ ಹಿಟ್ಟು.
"ಬೇರೆಯವನ್ನೂ ನೋಡಿದಳಾ?"
"ಎಲ್ಲವನ್ನೂ. ಒಂದೊಂದೇ ಬೆಳಕಿಗೆ ಹಿಡಿದು."
ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ.
ಪೆರಿನ್ ನನ್ನ ಮುಖವನ್ನೇ ನೋಡಿದ,
ಆಮೇಲೆ ಇಬ್ಬರೂ ನಕ್ಕೆವು, ಟ್ರಾಲಿಗೆ ಒರಗಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ.

ನೇರ ತಾತನ ವೃದ್ಧಾಶ್ರಮಕ್ಕೆ.
ಅವರಿಗೀಗ ಹೆಸರುಗಳು ಉಳಿದಿಲ್ಲ,
ನನ್ನನ್ನು ನರ್ಸ್ ಅಂದುಕೊಂಡರು, ಅವನನ್ನು ಪ್ಲಂಬರ್.
ಪೆಟ್ಟಿಗೆ ತೆರೆದು ಮೂವತ್ತೊಂದು ಕಾಯಿ ಜೋಡಿಸಿದೆವು.
ಖಾಲಿ ಮನೆಯನ್ನು ತಾತ ಬಹಳ ಹೊತ್ತು ನೋಡಿದರು,
ಟ್ರೇ ಮೇಲಿದ್ದ ಮಾತ್ರೆ ಡಬ್ಬಿಯ ಮುಚ್ಚಳ ತೆಗೆದು
ಅಲ್ಲಿಟ್ಟರು,
ಎರಡೂವರೆ ಮನೆ ದಾಟಿಸಿದರು,
ಮತ್ತೆ ಎರಡೂ ಅಂಗೈ ತೊಡೆಯ ಕೆಳಗೆ ತೂರಿಸಿ
ಪ್ಲಂಬರನ ಕಡೆ ನೋಡಿದರು.